ಶನಿ ಬಳೆ ಕಳಚಿಟ್ಟ ವರ್ಷ

ಟಕ್, ಟಕ್, ಟಕ್. ಟ್ರೈಪಾಡಿನ ಮೂರು ಕಾಲು ಎಳೆದು ಕ್ಲಿಪ್ ಹಾಕುವ ಸದ್ದು. ಆ ವರ್ಷದ ಸಂಜೆಗಳು ನನ್ನ ಕಿವಿಯಲ್ಲಿ ಉಳಿದಿರುವುದು ಈ ಮೂರು ಸದ್ದಾಗಿ. ಮೂರನೇ ಟಕ್ ಮುಗಿಯುವುದಕ್ಕೂ ಪಕ್ಕದ ಮನೆಯಾಕೆ ತಮ್ಮ ಹಿತ್ತಲಿನ ಲೈಟು ಹಾಕುವುದಕ್ಕೂ ಸರಿಹೋಗುತ್ತಿತ್ತು. ಕತ್ತಲಲ್ಲಿ ನಾನು ಎಲ್ಲಾದರೂ ಎಡವಿ ಬಿದ್ದೇನು ಎಂಬ ಕಾಳಜಿ. ಕಾಂಪೌಂಡಿನ ಮೇಲೆ ತಲೆಯೆತ್ತಿ, "ಈಗ ಕಾಣ್ತೈತಾ ಮಿಸ್ಸಮ್ಮಾ?" ಎಂದು ಕೇಳುವರು. ನಾನು ಥ್ಯಾಂಕ್ಸ್ ಎನ್ನುವೆ. ಕಾನ್ವೆಂಟಿನಲ್ಲಿ ಕಲಿತವರಿಗೆ ಇದೊಂದು ರೋಗ, ಕುತ್ತಿಗೆ ಹಿಸುಕಲು ಬಂದವರಿಗೂ ಮೊದಲು ಥ್ಯಾಂಕ್ಸ್ ಹೇಳಿಬಿಡುತ್ತೇವೆ.

ಆಕಾಶ ನೋಡುವುದಕ್ಕೆ ಕತ್ತಲೇ ಬೇಕು ಎಂದು ಒಂದು ದಿನ ಬಿಡಿಸಿ ಹೇಳಿದೆ. ಆಕೆ ನನ್ನ ಮುಖವನ್ನೊಮ್ಮೆ, ಟೆಲಿಸ್ಕೋಪನ್ನೊಮ್ಮೆ ನೋಡಿ, ಎಪ್ಪತ್ತು ದಾಟಿದವರ ಮಾತನ್ನು ಎಷ್ಟು ಸೀರಿಯಸ್ಸಾಗಿ ತಗೋಬೇಕೋ ಅಷ್ಟು ತಗೊಂಡರು. ಮುಂದಿನ ತಿಂಗಳು ನಮ್ಮ ಹಿತ್ತಲ ಗೋಡೆಗೆ ಒತ್ತಿಕೊಂಡು ಒಂದು ಕಂಬ ಎದ್ದಿತು, ತುದಿಯಲ್ಲಿ ಎಲ್‌ಇಡಿ ದೀಪ. ವಾರ್ಡ್ ಮೆಂಬರನ್ನು ಹಿಡಿದು ನನ್ನ ಸಲುವಾಗಿಯೇ ಹಾಕಿಸಿದ್ದಂತೆ. ಅದರ ಬೆಳಕಿನಲ್ಲಿ ಹಿತ್ತಲಲ್ಲಿ ಕೂತು ಆರಾಮಾಗಿ ಪೇಪರ್ ಓದಬಹುದಿತ್ತು. ಗುರು, ಶನಿ ಯಾರನ್ನು ನೋಡಬೇಕಿದ್ದರೂ ಆ ಪೇಪರಿನ ರಾಶಿಭವಿಷ್ಯದಲ್ಲೇ ನೋಡಿಕೊಳ್ಳಬೇಕಿತ್ತು.

ಕರೆಂಟು ಹೋದ ದಿನ ಬೆಟ್ಟದ ಕಾಟ. ಮಧುಗಿರಿ ಬೆಟ್ಟವೆಂದರೆ ಊರಿನ ನೆತ್ತಿಯ ಮೇಲೆ ಯಾರೋ ಮರೆತು ಬಿಟ್ಟುಹೋದ ಒಂದೇ ಬಂಡೆ. ಫೋಟೋ ತೆಗೆಯುವವರಿಗೆ ಬಹಳ ಚಂದ. ನನ್ನ ಹಿತ್ತಲಿಗೆ ಮಾತ್ರ ಮೂಡಣದ ಆಕಾಶವೆನ್ನುವುದೇ ಇಲ್ಲ, ಬಂಡೆ ತಿಂದುಹಾಕಿದೆ. ಎಲ್ಲರ ಊರಿನಲ್ಲಿ ಏಳು ಗಂಟೆಗೆ ಹುಟ್ಟುವ ಗ್ರಹ ನಮ್ಮ ಮನೆಗೆ ಒಂಬತ್ತೂವರೆಗೆ ಹುಟ್ಟುತ್ತದೆ. ಹುಟ್ಟಿದ ಮೇಲಾದರೂ ಸುಮ್ಮನಿರುತ್ತದೆಯೇ? ಹಗಲೆಲ್ಲ ಕಾದ ಕಲ್ಲು ಕತ್ತಲಾದ ಮೇಲೆ ಬಿಸಿ ಉಗುಳುತ್ತಲ್ಲ, ಆ ಬಿಸಿಗಾಳಿಯಲ್ಲಿ ಗ್ರಹ ಕಾದ ಎಣ್ಣೆಗೆ ಬಿಟ್ಟ ಬೋಂಡದ ಹಾಗೆ ಕುಣಿಯುತ್ತದೆ.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ತುಂಬ ಜನ ಕೇಳಿದರು. ಶಿರಾದಲ್ಲಿದ್ದ ನನ್ನ ಗೆಳತಿಗಾಗಿ.

ಅವಳೂ ನಾನೂ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಒಂದೇ ಬೆಂಚು. ಅವಳ ಮನೆಯವರು ಶಿರಾದಲ್ಲಿ ಗಾಜಿನ ಬಳೆ ವ್ಯಾಪಾರದವರು, ಅಜ್ಜನ ಕಾಲದಿಂದ. ಆರನೇ ಕ್ಲಾಸಿನ ಸೈನ್ಸ್ ಟೆಸ್ಟಿನಲ್ಲಿ ಶನಿಗ್ರಹದ ಚಿತ್ರ ಬರೆಯಿರಿ ಎಂದು ಕೇಳಿದ್ದರು, ಎರಡು ಮಾರ್ಕ್ಸಿಗೆ. ನಾವೆಲ್ಲ ಟೆಕ್ಸ್ಟ್ ಬುಕ್ಕಿನಲ್ಲಿ ಇದ್ದ ಹಾಗೆ ಗುಂಡು ಬರೆದು ಅದರ ಸೊಂಟಕ್ಕೆ ಬಳೆ ತೊಡಿಸಿದೆವು. ಅವಳು ಗುಂಡು ಬರೆದು, ಸ್ಕೇಲ್ ಇಟ್ಟು, ನಡುವಿನಿಂದ ಎರಡೂ ಕಡೆಗೆ ಒಂದು ನೇರ ಗೆರೆ ಎಳೆದಿದ್ದಳು. ಸಿಸ್ಟರ್ ಆ ಪೇಪರ್ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದರು. ಅವಳು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದಳು. ಸಿಟ್ ಡೌನ್ ಎಂದರು. ಜೀರೋ ಹಾಕಿದರು. ಅಷ್ಟಕ್ಕೆ ಮುಗಿದುಹೋಗುತ್ತಿತ್ತೇನೋ. ಆದರೆ ಆ ನಿಶ್ಶಬ್ದದಲ್ಲಿ "ಲಾಲಿಪಾಪ್" ಎಂದು ಪಿಸುಗುಟ್ಟಿದವಳು ಒಬ್ಬಳಿದ್ದಳು, ಅವಳು ನಾನು. ಲಾಲಿಪಾಪಿಗೆ ಕಡ್ಡಿ ಒಂದೇ ಕಡೆ ಇರುತ್ತದೆ, ಇದಕ್ಕೆ ಎರಡೂ ಕಡೆ ಇತ್ತು ಎಂದು ಯಾರೂ ವಾದ ಮಾಡಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅವಳು ಲಾಲಿಪಾಪ್ ಆಗಿಯೇ ಉಳಿದಳು. ಮದುವೆಯ ದಿನ ಗಂಡನ ಕಡೆಯವರಿಗೂ ಅದು ಹೇಗೋ ಗೊತ್ತಾಗಿತ್ತು.

ಅವಳ ಎರಡೂ ಕಣ್ಣಿನ ಒಳಪರದೆಯ ನಡುಭಾಗ ಸವೆದುಹೋಗುತ್ತಿದೆ ಎಂದು ಡಾಕ್ಟರು ಹೇಳಿದ ದಿನ ನನಗೆ ಫೋನ್ ಮಾಡಿದಳು. ಎದುರಿಗಿರುವುದರ ಮೇಲೆ ಮಸಿ ಚೆಲ್ಲಿದ ಹಾಗೆ ಕಾಣುತ್ತದಂತೆ. ಅಂಚಿನಲ್ಲಿ ಒಂದಿಷ್ಟು ಉಳಿದಿದೆ, ಅದೂ ಎಷ್ಟು ದಿನವೋ ಹೇಳಲಾಗದಂತೆ. ತರಕಾರಿ ರೇಟು ಹೇಳುವ ದನಿಯಲ್ಲಿ ಇಷ್ಟೂ ಹೇಳಿದಳು. ಆಮೇಲೆ, "ನೋಡ್ಬೇಕಾದ್ದೆಲ್ಲ ನೋಡಿದೀನಿ ಬಿಡು. ಆ ಶನಿ ಬಳೆ ಒಂದು ನೋಡಿಲ್ಲ. ನಂಗೆ ಯಾವುದಕ್ಕೆ ಜೀರೋ ಬಂತು ಅಂತ ಒಂದ್ಸಲ ನೋಡ್ಬೇಕಿತ್ತು ಕಣೇ" ಎಂದಳು.

ಆವತ್ತೇ ಟೆಲಿಸ್ಕೋಪ್ ಆರ್ಡರ್ ಮಾಡಿದೆ.

ಅದರ ಜೊತೆ ಬಂದ ಮ್ಯಾನುಯಲ್ಲಿನ ಇಂಗ್ಲಿಷ್ ಭೀಕರವಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಕೆಂಪು ಪೆನ್ನು ಹಿಡಿದು ಅದನ್ನೆಲ್ಲ ತಿದ್ದಿ ಮುಗಿಸುವುದಕ್ಕೆ ಎರಡು ದಿನ ಬೇಕಾಯಿತು, ಟೆಲಿಸ್ಕೋಪ್ ಜೋಡಿಸಿದ್ದು ಮೂರನೇ ದಿನ. ಮೊದಲು ಕಂಡದ್ದು ಎದುರು ಮನೆಯ ನೀರಿನ ಟ್ಯಾಂಕು, ತಲೆಕೆಳಗಾಗಿ. ಅದರ ಕೆಳಗೆ ಜೋತುಬಿದ್ದ ಹಾಗೆ ಒಂದು ಕಾಗೆ. ಈ ಥರದ ಟೆಲಿಸ್ಕೋಪಿನಲ್ಲಿ ಎಲ್ಲವೂ ತಲೆಕೆಳಗೇ, ಕೆಟ್ಟಿಲ್ಲ ಎಂದು ತಿಳಿಯುವ ತನಕ ಅಂಗಡಿಯವರಿಗೆ ಮೂರು ಕಂಪ್ಲೇಂಟ್ ಬರೆದಿದ್ದೆ, ಒಳ್ಳೆಯ ಇಂಗ್ಲಿಷಿನಲ್ಲಿ.

ಸುಖವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಂಜೆ ಕರೆಂಟು ಹೋಗಿತ್ತು, ಬಂಡೆಯ ಬಿಸಿ ಆರಿತ್ತು. ಅರ್ಧಚಂದ್ರನ ಅಂಚಿನಲ್ಲಿ ಕುಳಿಗಳು ಒಂದೊಂದಾಗಿ ನೆರಳು ಕಟ್ಟಿಕೊಂಡು ಎದ್ದವು. ಒಲೆಯ ಮೇಲಿಟ್ಟ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗಿ, ಪಕ್ಕದ ಮನೆಯಾಕೆ ಟಾರ್ಚು ಹಿಡಿದು ಓಡಿಬಂದರು, ಆ ಟಾರ್ಚನ್ನು ನೇರ ನನ್ನ ಕಣ್ಣಿಗೇ ಬಿಟ್ಟರು. ಇನ್ನೊಂದು ದಿನ ಗುರುವಿನ ಪಕ್ಕದಲ್ಲಿ ನಾಲ್ಕು ಚುಕ್ಕೆ ಕಂಡವು, ರಂಗೋಲಿ ಶುರುಮಾಡಿ ಯಾರೋ ಅರ್ಧಕ್ಕೆ ಎದ್ದುಹೋದ ಹಾಗೆ. ಮಾರನೆಯ ದಿನ ನೋಡಿದರೆ ಚುಕ್ಕೆಗಳ ಜಾಗವೇ ಬೇರೆ. ಇಡೀ ದಿನ ಯಾರಿಗೆ ಹೇಳಲಿ ಎಂದು ಒದ್ದಾಡಿದೆ. ಗೆಳತಿಗೆ ಫೋನ್ ಮಾಡಿದರೆ, ನೀನು ಗುರುವಿನ ಕಥೆ ಇಟ್ಟುಕೋ, ನನ್ನ ಶನಿ ಎಲ್ಲಿ ಎಂದಳು.

ಅವಳ ಶನಿಯನ್ನು ತೋರಿಸಲು ನಾವು ಪಟ್ಟ ಪಾಡು ಒಂದಲ್ಲ. ಮೊದಲು ಅಭ್ಯಾಸವಾಗಲಿ ಎಂದು ಅವಳನ್ನು ಮಧುಗಿರಿಗೆ ಕರೆಸಿ ಚಂದ್ರನನ್ನು ತೋರಿಸಿದೆ. ಐಪೀಸಿಗೆ ಕಣ್ಣಿಟ್ಟು ಎಷ್ಟೋ ಹೊತ್ತು ನಿಂತಳು. ನಾನು ಪಕ್ಕದಲ್ಲಿ ನಿಂತು, ನೇರ ನೋಡು, ನಡುವೆ ನೋಡು, ಅಲುಗಾಡಬೇಡ ಎಂದು ಡ್ರಿಲ್ ಮಾಸ್ಟರ್ ಹಾಗೆ ಹೇಳುತ್ತಲೇ ಇದ್ದೆ. ಕೊನೆಗೆ, ತುಂಬ ಚೆನ್ನಾಗಿದೆ ಎಂದಳು. ಸುಳ್ಳೆಂದು ನನಗೆ ಗೊತ್ತಾಯಿತು, ನನ್ನ ಉಪ್ಪಿಟ್ಟಿಗೂ ಅವಳು ಅದೇ ದನಿಯಲ್ಲಿ ಹಾಗೆ ಹೇಳುತ್ತಾಳೆ. ಅವಳಿಗೆ ಕಂಡದ್ದು ಬರೀ ಮಸಿ.

ಆಮೇಲೆ ಶಿರಾದಲ್ಲಿ ಅವಳ ಮನೆಯ ತಾರಸಿಗೆ ಟೆಲಿಸ್ಕೋಪ್ ಹೊತ್ತುಕೊಂಡು ಹೋದೆ. ಪಕ್ಕದ ಮದುವೆ ಹಾಲಿನವರು ಆಕಾಶಕ್ಕೆ ನಾಲ್ಕು ಬಣ್ಣದ ಲೈಟು ಬಿಟ್ಟು ತಿರುಗಿಸುತ್ತಿದ್ದರು. ಕೊರಟಗೆರೆ ಕಡೆ ಹೋಗಿ ಸಿದ್ದರಬೆಟ್ಟದ ಬುಡದಲ್ಲಿ ಟ್ರೈಪಾಡ್ ನಿಲ್ಲಿಸಿದರೆ ಮೋಡ ಬೆಟ್ಟ ಇಳಿದು ನಮ್ಮ ಮಡಿಲಿಗೇ ಬಂತು. ಒಂದು ಮಂಗ ಟೆಲಿಸ್ಕೋಪಿನ ಮುಚ್ಚಳ ಕಿತ್ತುಕೊಂಡು ಹೋಗಿ, ಕಚ್ಚಿ ನೋಡಿ, ರುಚಿಯಿಲ್ಲವೆಂದು ಎಸೆಯಿತು. ಆವತ್ತು ನಮ್ಮಲ್ಲಿ ಏನಾದರೂ ತೀರ್ಮಾನಕ್ಕೆ ಬಂದದ್ದು ಅದೊಂದೇ.

ಆಕಾಶ ನೋಡುವವರ ವಾಟ್ಸಾಪ್ ಗ್ರೂಪೊಂದಕ್ಕೆ ಸೇರಿಕೊಂಡಿದ್ದೆ. ಶನಿಯ ಬಳೆ ಚೆನ್ನಾಗಿ ಕಾಣಲು ಏನು ಮಾಡಬೇಕು ಎಂದು ಅಲ್ಲಿ ಕೇಳಿದೆ. ಒಬ್ಬರು ಬಹಳ ಮರ್ಯಾದೆಯಿಂದ ಉತ್ತರ ಬರೆದರು: ಮೇಡಂ, ಹದಿನಾಲ್ಕು ಹದಿನೈದು ವರ್ಷಕ್ಕೊಮ್ಮೆ ಆ ಬಳೆ ನಮ್ಮ ಕಡೆಗೆ ಅಂಚು ತಿರುಗಿಸಿ ನಿಲ್ಲುತ್ತದೆ, ಆಗ ಅದು ಇದ್ದೂ ಇಲ್ಲದ ಹಾಗೆ, ಈ ವರ್ಷ ಹಾಗಿದೆ, ಒಂದೆರಡು ವರ್ಷ ಕಾಯಿರಿ. ಕೆಳಗೆ ಒಂದು ನಗುವ ಮುಖ. ಎಲ್ಲ ಬಿಟ್ಟು ನಾನು ಟೆಲಿಸ್ಕೋಪ್ ಕೊಂಡ ವರ್ಷವೇ ಶನಿ ತನ್ನ ಬಳೆ ಕಳಚಿಟ್ಟು ಕೂತಿದ್ದ. ಕಾಯುವುದಕ್ಕೆ ನಾನು ರೆಡಿ. ಅವಳ ಕಣ್ಣು ಕಾಯಬೇಕಲ್ಲ. ಅವಳಿಗೆ ಈ ವಿಷಯ ಹೇಳಲಿಲ್ಲ. ಮೊದಲು ಏನಾದರೂ ಒಂದು ಕಾಣಲಿ, ಬಳೆಯ ಸುಳ್ಳನ್ನು ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ.

ಜಾಗ ಹೇಳಿದ್ದು ನಮ್ಮ ಟ್ಯಾಕ್ಸಿಯವನು. ಅವನ ಹೆಂಡತಿಯ ತವರು ಪಾವಗಡದಾಚೆ ತಿರುಮಣಿಯ ಹತ್ತಿರ. ಸೋಲಾರ್ ಪಾರ್ಕಿನ ಬದಿ, ಬೆಟ್ಟವಿಲ್ಲ, ಮರವಿಲ್ಲ, ನೆಲಕ್ಕೆ ಆಕಾಶ ಮುಚ್ಚಳ ಹಾಕಿದ ಹಾಗಿದೆ ಎಂದ. ಏನು ನೋಡಲು ಎಂದು ನಾನು ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು. ಅವನಿಗೆ ಸಾಡೇಸಾತಿ ನಡೆಯುತ್ತಿತ್ತು, ಏಳೂವರೆ ವರ್ಷದ ಶನಿಕಾಟದಲ್ಲಿ ಐದು ಕಳೆದು ಎರಡೂವರೆ ಬಾಕಿ.

"ಅಮ್ಮಾವ್ರೇ, ಜನ ಪಾವಗಡಕ್ಕೆ ಹೋಗೋದು ಶನಿಮಹಾತ್ಮ ನಮ್ ಕಡೆ ನೋಡ್ದೆ ಇರ್ಲಪ್ಪಾ ಅಂತ ಕೈ ಮುಗಿಯಕ್ಕೆ. ನೀವೇನು, ನಾವೇ ಅವನ್ನ ನೋಡ್ತೀವಿ ಅಂತ ಹೊಂಟ್ಬುಟ್ರಲ್ಲ."

ತನಗೆ ತೋರಿಸಬಾರದು ಎಂಬ ಷರತ್ತಿನ ಮೇಲೆ ಬಂದ. ಅವನಿಗೆ ಬಿಡುವಿದ್ದ ದಿನ ಶನಿವಾರವೇ ಆಗಿತ್ತು. ದಾರಿಯಲ್ಲಿ ನಿಲ್ಲಿಸಿ ಬಂಪರಿಗೆ ಇನ್ನೆರಡು ನಿಂಬೆಹಣ್ಣು ಕಟ್ಟಿದ.

ಚಳಿ ಶುರುವಾಗಿತ್ತು. ನಾವು ಮುಟ್ಟುವಾಗ ಸೂರ್ಯ ಇಳಿದು, ಸೋಲಾರ್ ಹಲಗೆಗಳು ಸಾಲು ಸಾಲಾಗಿ ಬೂದಿ ಬಣ್ಣಕ್ಕೆ ತಿರುಗುತ್ತಿದ್ದವು. ಹೊಲದ ಬದುವಿನ ಪಕ್ಕ ಗೆಳತಿಯನ್ನು ಮಡಚುವ ಕುರ್ಚಿಯ ಮೇಲೆ ಕೂರಿಸಿ ಟ್ರೈಪಾಡಿನ ಕಾಲು ಎಳೆದೆ. ಟಕ್, ಟಕ್, ಟಕ್. ಇಲ್ಲಿ ಲೈಟು ಹಾಕುವವರಿರಲಿಲ್ಲ. ಆದರೆ ಆ ಊರಿನವರು ಮೂರು ಕಾಲಿನ ಸ್ಟ್ಯಾಂಡನ್ನು ಬೇಕಾದಷ್ಟು ನೋಡಿದ್ದಾರೆ. ಅದು ಬಂತೆಂದರೆ ಸರ್ವೆ ಬಂತೆಂದು, ಸರ್ವೆ ಬಂತೆಂದರೆ ಪಾರ್ಕಿಗೆ ಇನ್ನಷ್ಟು ಜಮೀನು ಗುತ್ತಿಗೆಗೆ ಬೇಕೆಂದು. ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಸೇರಿದರು. ಒಬ್ಬರು ತಮ್ಮ ಹೊಲವನ್ನು ಹೋದ ಸಲ ಬಿಟ್ಟುಬಿಟ್ಟರು, ಈ ಸಲ ಸೇರಿಸಲೇಬೇಕು ಎಂದು ಪಹಣಿಯ ಜೆರಾಕ್ಸ್ ನನ್ನ ಕೈಗೆ ತುರುಕಿದರು. ಇನ್ನೊಬ್ಬರು ತಮ್ಮ ಹೊಲದ ಕಡೆ ಈ ಕೊಳವೆ ತಿರುಗಿಸಲೇಬಾರದು ಎಂದು ಅಡ್ಡ ನಿಂತರು. ಇದು ಮೇಲಕ್ಕೆ ನೋಡುವುದು, ಹೊಲ ನೋಡುವುದಲ್ಲ ಎಂದರೆ, ಈಗ ಎಲ್ಲಾ ಸ್ಯಾಟಲೈಟಿನಲ್ಲೇ ಅಲ್ಲವಾ ಅಳೆಯೋದು ಎಂದು ಒಬ್ಬರು ನನಗೇ ವಿವರಿಸಿದರು.

ಗೆಳತಿಗೆ ಬೇಸರವಾಗಿ ಕುರ್ಚಿಯಿಂದಲೇ ಗಟ್ಟಿಯಾಗಿ, ನಾವು ಶನಿಯನ್ನು ನೋಡಲು ಬಂದಿದ್ದೇವೆ ಎಂದಳು.

ಎಲ್ಲರೂ ನಾಲ್ಕು ಹೆಜ್ಜೆ ಹಿಂದೆ ಸರಿದರು. ಕೆಲವರು ಚಪ್ಪಲಿ ಬಿಟ್ಟರು. ಹೊಲದವರಿಗೆ ಈಗ ಹೊಲ ಮರೆತುಹೋಯಿತು.

ಆಮೇಲೆ ಶುರುವಾದ ಚರ್ಚೆಯಂಥದ್ದನ್ನು ನಾನು ಯಾವ ಸ್ಟಾಫ್ ರೂಮಿನಲ್ಲೂ ಕೇಳಿಲ್ಲ. ಶನಿಯ ದೃಷ್ಟಿ ಬೀಳಬಾರದು, ಗುಡಿಯಲ್ಲೂ ಅವನ ನೇರ ಎದುರಿಗೆ ನಿಲ್ಲಬಾರದು, ಸರಿ. ಇದರೊಳಗೆ ನೋಡಿದರೆ ಎದುರಿಗೆ ನಿಂತ ಹಾಗೆಯೋ ಅಲ್ಲವೋ? ಕೊಳವೆಯ ತಳದಲ್ಲಿ ಒಂದು ಕನ್ನಡಿಯಿದೆ, ಮೇಲೆ ಇನ್ನೊಂದು ಪುಟ್ಟ ಕನ್ನಡಿಯಿದೆ, ಕಣ್ಣಿಡುವುದು ಪಕ್ಕದಲ್ಲಿ ಎಂದು ನಾನು ತೋರಿಸಿದೆ. ಪಹಣಿಯವರು ಕೂಡಲೇ, ಹಾಗಾದರೆ ಅವನು ಮೇಲಿಂದ ಬರುತ್ತಾನೆ, ನಾವು ಸೈಡಿನಲ್ಲಿ ಇರುತ್ತೇವೆ, ದೋಷವಿಲ್ಲ ಎಂದು ತೀರ್ಪು ಕೊಟ್ಟರು. ಅಡ್ಡ ನಿಂತವರು ಒಪ್ಪಲಿಲ್ಲ. ಒಂದು ಕನ್ನಡಿಯಾದರೆ ದೃಷ್ಟಿ ತಿರುಗಿಹೋಗುತ್ತದೆ, ಎರಡು ಕನ್ನಡಿಯಾದರೆ ತಿರುಗಿದ್ದು ಮತ್ತೆ ತಿರುಗಿ ನಮಗೇ ಬರುತ್ತದೆ. ಫಿಸಿಕ್ಸ್ ಪ್ರಕಾರ ಇದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ.

ಅಷ್ಟರಲ್ಲಿ ಶನಿ ಸಿಕ್ಕ. ಮೊದಲು ನಾನು ನೋಡಿದೆ. ನಿಂಬೆಹಣ್ಣಿನ ಬಣ್ಣದ ಪುಟ್ಟ ಗುಂಡು, ಅದಕ್ಕೆ ಹೊಲಿಗೆ ಸೂಜಿ ಚುಚ್ಚಿದ ಹಾಗೆ ಒಂದು ಹೊಳೆಯುವ ಗೆರೆ. ಬಳೆಯಿಲ್ಲ. ಗ್ರೂಪಿನವರು ಹೇಳಿದ್ದು ನಿಜವಾಗಿತ್ತು. ಗೆಳತಿಯ ಕೈ ಹಿಡಿದು ತಂದು ನಿಲ್ಲಿಸಿದೆ. ಕಣ್ಣಿಟ್ಟಳು. ನೇರ ನೋಡು ಎಂದೆ. ನೋಡಿದಳು. ಬಹಳ ಹೊತ್ತಾದ ಮೇಲೆ, ತುಂಬ ಚೆನ್ನಾಗಿದೆ ಎಂದಳು, ಅದೇ ಉಪ್ಪಿಟ್ಟಿನ ದನಿ.

ಗುಂಪಿನಲ್ಲಿ ನಮಗಿಂತ ಹತ್ತು ವರ್ಷ ದೊಡ್ಡವಳಾದ ಒಬ್ಬಳು ಅಜ್ಜಿಯಿದ್ದಳು. ಇಷ್ಟು ಹೊತ್ತೂ ಕೋಲೂರಿ ಸುಮ್ಮನೆ ನಿಂತಿದ್ದವಳು ಮುಂದೆ ಬಂದು ಗೆಳತಿಯ ಬೆನ್ನಿಗೆ ಒಂದು ಪೆಟ್ಟು ಕೊಟ್ಟು, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ ಗದರಿದಳು.

"ಸೂಟಿಗಾ ನೋಡ್ಬಾರ್ದಮ್ಮಾ, ನೇರ ನೋಡ್ಬಾರ್ದು. ಅವನ್ನ ಒಳಗೇ ಬುಟ್ಟು ನೀನು ಪಕ್ಕಕ್ಕೆ ನೋಡು. ಓರೆ ಕಣ್ಣಾಗೆ."

"ನಾನು ಸಾಬರೋಳು ಅವ್ವಾ. ನಂಗೂ ಇದೆಯಾ ಈ ರೂಲ್ಸು?"

"ಶನಿಗೆ ಯಾ ಜಾತಿ ಅಂತ ಏನು ತೆಲುಸಮ್ಮಾ. ಪಕ್ಕಕ್ಕೆ ನೋಡು ಅಂದ್ರೆ ನೋಡು."

ಹಿರಿಯರ ಮಾತಿಗೆ ಎದುರಾಡುವವಳಲ್ಲ ನನ್ನ ಗೆಳತಿ. ಕಣ್ಣನ್ನು ಐಪೀಸಿನಿಂದ ತೆಗೆಯದೆ, ಅಲ್ಲೆಲ್ಲೋ ಮೂಲೆಯಲ್ಲಿ ನಿಂತಿರುವ ಯಾರನ್ನೋ ಕದ್ದು ನೋಡುವ ಹಾಗೆ ಗುಡ್ಡೆ ಹೊರಳಿಸಿದಳು. ನಾನು ಅವಳ ಭುಜ ಹಿಡಿದಿದ್ದೆ. ಆ ಭುಜ ಗಟ್ಟಿಯಾಯಿತು.

"ಲೇ," ಎಂದಳು. "ಗುಂಡು. ಗುಂಡಿಗೆ ಕಡ್ಡಿ. ಎರಡೂ ಕಡೆಗೆ."

ನನಗೆ ಮೊದಲು ಅರ್ಥವಾದದ್ದು ನನ್ನ ದಡ್ಡತನ. ಅವಳ ಕಣ್ಣಿನಲ್ಲಿ ಸತ್ತಿದ್ದು ನಡುಭಾಗ, ಉಳಿದಿದ್ದು ಅಂಚು. ಮಸುಕಾದದ್ದನ್ನು ನೋಡಬೇಕಾದರೆ ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿ ಎಂದು ಆಕಾಶದ ಪುಸ್ತಕಗಳೆಲ್ಲ ಹೇಳುತ್ತವೆ, ನಾನೇ ಆ ಸಾಲಿಗೆ ಕೆಂಪು ಗೆರೆ ಹಾಕಿದ್ದೆ. ಎರಡನ್ನೂ ಕೂಡಿಸಲು ನನಗೆ ಹೊಳೆದಿರಲಿಲ್ಲ. ತಿಂಗಳುಗಟ್ಟಲೆ ನೇರ ನೋಡು, ನೇರ ನೋಡು ಎಂದು ಅವಳ ಕುರುಡನ್ನೇ ಮುಂದೆ ತಳ್ಳುತ್ತಿದ್ದೆ. ಸ್ಟುಪಿಡ್ ವುಮನ್.

ಎರಡನೆಯದು ಹೊಳೆಯಲು ಇನ್ನೂ ಒಂದು ನಿಮಿಷ ಬೇಕಾಯಿತು. ಅವಳು ಬಳೆ ಎಲ್ಲೇ ಎಂದು ಕೇಳಿದಳು. ಆ ಗೆರೆಯೇ ಬಳೆ, ಈ ವರ್ಷ ಅದು ಅಂಚಿನಿಂದ ಕಾಣುತ್ತದೆ, ನಿನಗೆ ಹೇಳಲಿಲ್ಲ ಎಂದು ಒಪ್ಪಿಕೊಂಡೆ. ಅವಳು ಐಪೀಸಿನಿಂದ ಏಳಲಿಲ್ಲ. ಅಲ್ಲಿಂದಲೇ ನಗಲು ಶುರುಮಾಡಿದಳು, ಟ್ರೈಪಾಡ್ ಅಲುಗಾಡಿ ಶನಿ ಮಾಯವಾಗುವ ತನಕ ನಕ್ಕಳು.

"ನಮ್ಮ ಅಬ್ಬಾ ಅಂಗಡಿಗೆ ಬಳೆ ಕೊಳ್ಳೋವಾಗ ಒಂದು ಕಣ್ಣು ಮುಚ್ಚಿ ಮಟ್ಟವಾಗಿ ಹಿಡ್ದು ನೋಡೋರು. ಡೊಂಕಿಲ್ಲದ ಬಳೆ ಪಕ್ಕದಿಂದ ಗೆರೆ ಥರ ಕಾಣ್ಬೇಕು. ಅದನ್ನೇ ಬರೆದೆ. ಅದನ್ನೇ ಹೇಳಕ್ಕೆ ಎದ್ದು ನಿಂತೆ. ಸಿಟ್ ಡೌನ್ ಅಂದ್ರು." ಮತ್ತೆ ಕಣ್ಣಿಡಲು ಹೇಳಿ ನಾನು ಶನಿಯನ್ನು ಹುಡುಕಿಕೊಟ್ಟೆ. ಈ ಸಲ ತಾನಾಗಿಯೇ ಓರೆಯಾಗಿ ನೋಡಿದಳು, ಅಂಗಡಿಯವರ ಮಗಳಾಗಿ. "ಒಳ್ಳೇ ಮಾಲು ಕಣೇ," ಎಂದಳು. "ಒಂದು ಚೂರೂ ಡೊಂಕಿಲ್ಲ."

ಆಮೇಲೆ ಊರಿನವರೆಲ್ಲ ಸಾಲಾಗಿ ನಿಂತು ನೋಡಿದರು, ಎಲ್ಲರೂ ಓರೆಗಣ್ಣಿನಲ್ಲೇ. ನೋಡಿ ಬಂದವರು ಕೆನ್ನೆ ಬಡಿದುಕೊಂಡರು. ಎರಡು ಕನ್ನಡಿಯ ವಾದ ಮಾಡಿದವರೂ ನೋಡಿದರು. ನಮ್ಮ ಟ್ಯಾಕ್ಸಿಯವನು ಕೊನೆಗೆ ತಡೆಯಲಾರದೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಗ್ಗಿದ. ಏನೂ ಕಾಣಲಿಲ್ಲ, ಬಚಾವಾದೆ ಎಂದ.

ಶಿರಾಕ್ಕೆ ವಾಪಸು ಬರುವಾಗ ಕಾರಿನಲ್ಲಿ ಅವಳು ತನ್ನ ಎರಡು ಮಾರ್ಕ್ಸ್ ಕೇಳಿದಳು. ಮೊದಲು ತಮಾಷೆ ಎಂದುಕೊಂಡೆ. ಅವಳು ಕೈ ಚಾಚಿಯೇ ಇದ್ದಳು. ನನ್ನ ಕೈಚೀಲದಲ್ಲಿ ಆ ಪಹಣಿಯ ಜೆರಾಕ್ಸ್ ಉಳಿದುಬಿಟ್ಟಿತ್ತು, ಅದರ ಬೆನ್ನ ಮೇಲೆ ಅವಳ ಕೈಯಿಂದಲೇ ಬರೆಸಿದೆ. ಗುಂಡು ಆಲೂಗಡ್ಡೆಯಾಯಿತು. ಗೆರೆ ಮಾತ್ರ ನನ್ನ ಕನ್ನಡಕದ ಡಬ್ಬಿ ಅಡ್ಡವಿಟ್ಟು ನೇರವಾಗಿ ಎಳೆದಳು. ಕೆಂಪು ಪೆನ್ನು ಈಗಲೂ ನನ್ನ ಚೀಲದಲ್ಲಿರುತ್ತದೆ. ಎರಡಕ್ಕೆ ಎರಡು ಎಂದು ಬರೆದೆ. ಸೈನ್ ಮಾಡು ಎಂದಳು. ಮಾಡಿದೆ. ಲಾಲಿಪಾಪ್ ಎಂದವಳು ನಾನೇ ಎಂದೂ ಆಗಲೇ ಹೇಳಿದೆ. ಗೊತ್ತಿತ್ತು, ನಿನ್ನ ಪಿಸುಮಾತು ಮೂರು ಬೆಂಚಿಗೆ ಕೇಳುತ್ತದೆ ಎಂದಳು.

ಒಂದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳ ಸೊಸೆ ಫೋನ್ ಮಾಡಿದಳು. ನಿದ್ದೆಯಲ್ಲೇ ಹೋಗಿದ್ದಳು. ನಾನು ಶಿರಾ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು, ಮುಖ ನೋಡಲು ಸಿಗಲಿಲ್ಲ. ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ಶನಿವಾರವೇ, ಅವಳ ಗಲ್ಲಿಯ ಬಾಯಲ್ಲಿ.

ಕಾರಿಳಿದು, ಜೆರಾಕ್ಸನ್ನು ಮಡಚಿ ದುಪಟ್ಟಾದ ತುದಿಗೆ ಕಟ್ಟಿಕೊಂಡು, ಬಳೆ ಅಂಗಡಿಯ ಮೆಟ್ಟಿಲ ಹತ್ತಿರ ನಿಂತಳು. ಅಂಗಡಿ ಮುಚ್ಚುವ ಹೊತ್ತು, ಒಳಗಿನ ಬೆಳಕು ಅವಳ ಮೇಲೆ ಬೀಳುತ್ತಿತ್ತು. ಕಣ್ಣು ಕೆಟ್ಟ ಮೇಲೂ ಅವಳು ನನ್ನ ಮುಖಕ್ಕೆ ಮುಖ ಕೊಟ್ಟೇ ಮಾತಾಡುತ್ತಿದ್ದಳು, ನಾನು ಬೇಜಾರು ಮಾಡಿಕೊಳ್ಳಬಾರದೆಂದು. ಆಗೆಲ್ಲ ನನ್ನ ಮುಖದ ಜಾಗದಲ್ಲಿ ಅವಳಿಗೆ ಕಾಣುತ್ತಿದ್ದುದು ಮಸಿಯೇ ಇರಬೇಕು. ಆವತ್ತು, ಹೋಗಿ ಬರ್ತೀನಿ ಎಂದು ನಾನು ಕಿಟಕಿಯಿಂದ ಕೈಬೀಸಿದಾಗ, ಮುನಿಸಿಕೊಂಡವಳ ಹಾಗೆ ಮುಖವನ್ನು ಅಂಗಡಿಯ ಕಡೆಗೆ ತಿರುಗಿಸಿದಳು. ಹಾಗೇ ನಿಂತಳು.

"ವಯಸ್ಸಾಗಿದೆ ಕಣೇ ನಿಂಗೆ," ಎಂದಳು.